ಸೋಮಪ್ಪ ಮಾಡಿದ ಹಲಗೆ

ಅವತ್ತೂ ಸೋಮಪ್ಪ ಎದ್ದವನೇ ಮುಖ ತೊಳೆಯುವ ಮೊದಲು ಹಲಗೆ ಹೊತ್ತುಕೊಂಡು ಹೋದ.

ಹಲಗೆ ಅವನೇ ಮಾಡಿದ್ದು. ಅವನು ಕೆಲಸ ಮಾಡುತ್ತಿದ್ದ ಪೀಣ್ಯದ ಫ್ಯಾಕ್ಟರಿಗೆ ಹೊರದೇಶದಿಂದ ಒಂದು ಮೆಷಿನ್ನು ಬಂದಿತ್ತು. ಅದನ್ನು ತುಂಬಿದ್ದ ಪೆಟ್ಟಿಗೆಯ ಮರ ಅದು. ಎರಡು ಹಲಗೆ ಜೋಡಿಸಿ, ಅಡಿಯಲ್ಲಿ ಪಟ್ಟಿ ಹೊಡೆದಿದ್ದ. ಮೇಲೆ ಕಪ್ಪು ಬಣ್ಣದಲ್ಲಿ ಒಂದು ಕೊಡೆಯ ಚಿತ್ರ, ಪಕ್ಕಕ್ಕೆ ಒಂದು ಗಾಜಿನ ಲೋಟದ ಚಿತ್ರ. ನೆನೆಸಬೇಡಿ, ಒಡೆಯಬೇಡಿ ಎಂದು ಅದರ ಅರ್ಥವಂತೆ. ಹೆಂಡತಿ ಮಲಕವ್ವ ಕೇಳಿ ನಕ್ಕಿದ್ದಳು.

"ಹಾಕೂದು ಮೋರಿ ಮ್ಯಾಲ. ನೆನೀಬ್ಯಾಡ ಅಂದ್ರ ಅದು ಕೇಳ್ತದೇನು?"

ಅವರಿದ್ದದ್ದು ಶೀಟಿನ ಮನೆಗಳ ಸಾಲಿನಲ್ಲಿ. ಹಿಂದೆ ಫ್ಯಾಕ್ಟರಿಯ ಎತ್ತರದ ಗೋಡೆ, ಮುಂದೆ ಮೋರಿ. ಮೋರಿ ಅನ್ನುವುದು ಬಾಯಿಮಾತಿಗೆ. ಫ್ಯಾಕ್ಟರಿಗಳ ನೀರು, ಅಪಾರ್ಟ್‌ಮೆಂಟಿನ ನೀರು, ಮಳೆ ನೀರು ಎಲ್ಲ ಸೇರಿ ಹರಿಯುವ ಆಳದ ಕಾಲುವೆ ಅದು. ಮೋರಿಯ ಆಚೆ ಡಾಂಬರು ರಸ್ತೆ, ರಸ್ತೆಗೆ ಅಂಟಿಕೊಂಡು ಅಪಾರ್ಟ್‌ಮೆಂಟು. ಮೊದಲು ದಾಟಲು ಕಲ್ಲುಚಪ್ಪಡಿ ಇತ್ತು. ಹೂಳೆತ್ತಲು ಬಂದ ಜೆಸಿಬಿ ಚಪ್ಪಡಿ ಎಬ್ಬಿಸಿ, ಒಡೆದು, ಹೂಳಿನ ಜೊತೆ ತುಂಬಿಕೊಂಡು ಹೋಯಿತು. ಮತ್ತೆ ಯಾರೂ ಹಾಕಲಿಲ್ಲ. ಹಾಗಾಗಿ ಸೋಮಪ್ಪನ ಹಲಗೆ. ಕತ್ತಲಾದ ಮೇಲೆ ತೆಗೆದು ಬಾಗಿಲ ಹಿಂದೆ ನಿಲ್ಲಿಸಬೇಕು. ಬಿಟ್ಟರೆ ಯಾರಾದರೂ ಬೈಕ್ ಹತ್ತಿಸಿ ಮುರಿಯುತ್ತಾರೆ, ಇಲ್ಲವೇ ಮಳೆ ಬಂದು ಒಯ್ಯುತ್ತದೆ, ಎರಡೂ ಇಲ್ಲದಿದ್ದರೆ ಯಾರದೋ ಒಲೆಗೆ ಹೋಗುತ್ತದೆ.

ಹಲಗೆ ಹಾಕಿದ ಮೇಲೆ ಸೋಮಪ್ಪ ಅದರ ನಡುವೆ ನಿಂತು ಎರಡು ಸಲ ಕುಪ್ಪಳಿಸುತ್ತಿದ್ದ. ಅದು ಪರೀಕ್ಷೆ. ಅವತ್ತೂ ಕುಪ್ಪಳಿಸಿದ. ಪಕ್ಕದ ಮನೆಯ ಚನ್ನಕ್ಕ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಕೂಗಿದಳು.

"ಯಣ್ಣಾ, ಮುರಿದ್ರ ನೀ ಬೀಳ್ತಿ, ಮುರೀದಿದ್ರ ನಾವು ದಾಟ್ತೀವಿ. ನಿಂದು ಛಲೋ ಹಿಸಾಬ ಅದ!"

"ನೀ ದಾಟಿದಾಗೇ ಖರೆ ಪರೀಕ್ಷಾ ಚನ್ನಕ್ಕ. ನಾ ಏನು, ಹಗೂರ ಮನುಷ್ಯಾ."

ಸಾಲಿಗೆ ಸಾಲೇ ನಕ್ಕಿತು. ಚನ್ನಕ್ಕ ದಪ್ಪಗಿದ್ದಳು.

ರೊಟ್ಟಿ, ಪುಂಡಿಪಲ್ಯ ತಿನ್ನುತ್ತ ಕೂತಾಗ ಮಲಕವ್ವ ಅಪಾರ್ಟ್‌ಮೆಂಟಿನ ಸುದ್ದಿ ಹೇಳಿದಳು. ಅಲ್ಲಿ ಸೀತಾಲಕ್ಷ್ಮಮ್ಮನವರ ಮನೆಯಲ್ಲಿ ಅವಳಿಗೆ ಪಾತ್ರೆ, ನೆಲದ ಕೆಲಸ. ಹಿಂದಿನ ದಿನ ಅಲ್ಲಿ ಮೀಟಿಂಗ್ ಆಗಿತ್ತು. ಹೊಸ ಲಿಫ್ಟ್ ಬೇಕೋ ಬೇಡವೋ ಎಂದು ಕೈ ಎತ್ತಿಸಿದ್ದರು.

"ಅಮ್ಮಾರದ್ದು ಎರಡು ಮನಿ ಅದಾವಲ್ಲ, ಅದಕ ಅವ್ರಿಗಿ ಎರಡು ವೋಟಂತ್ರಿ."

"ಮತ್ತ ಬಾಡಿಗಿ ಇದ್ದವ್ರಿಗಿ?"

"ಇಲ್ಲಂತ."

ಸೋಮಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ನೋಡು, ನಮ್ಮ ಮುತ್ಯಾನ ಕಾಲ ಅಲ್ಲಿ ಇನ್ನಾ ಮುಗದಿಲ್ಲ. ಗೌಡ ಕೈ ಎತ್ತಿದ್ರ ಊರೇ ಎತ್ತಿದಂಗ. ದೊಡ್ಡ ಎಲೆಕ್ಷನ್ನಾಗ ಮಾತ್ರ ಆ ಸಾಹೇಬ್ರಿಗೂ ಒಂದು, ನನಗೂ ಒಂದು. ಇಡೀ ಬೆಂಗಳೂರಾಗ ನಾವೂ ಅವರೂ ಸಮ ಇರೋದು ಅದೊಂದೇ ಜಾಗಾ. ಅದನ್ನ ನಾವು ಊರಾಗ ಇಟ್ಟು ಬಂದೀವಿ."

ಮಲಕವ್ವನಿಗೆ ಅವನ ಮಾತು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿತ್ತು. ಒಂದು ತಿಂಗಳಿಂದ ಅದೇ ರಾಗ. ಸಾಲಿನವರನ್ನು ಕಟ್ಟಿಕೊಂಡು ಅವನು ಆ ಏರಿಯಾದ ಪಾರ್ಟಿ ಲೀಡರ್ ಆಫೀಸಿಗೆ ಹೋಗಿದ್ದ. ಮೋರಿಗೆ ಒಂದು ಚಪ್ಪಡಿ ಬೇಕು, ಗಾಡಿ ದಾಟುವಂಥದು, ಎಂದು ಕೇಳಿದ್ದ. ಆಫೀಸಿನ ಹುಡುಗ ಬೇರೇನೂ ಕೇಳಲಿಲ್ಲ. "ನಿಮ್ ವೋಟ್ ಎಲ್ಲಿದೆ ಅಣ್ಣ?" ಅಂದ. ಊರಲ್ಲಿ ಎಂದರು ಇವರು. "ಅಲ್ಲಾ ಗುರು, ವೋಟ್ ಅಲ್ಲಾಕ್ತೀರ, ಮೋರಿ ಇಲ್ಲಿ ಕೇಳ್ತೀರ. ಸಾಹೇಬ್ರಿಗೆ ನಾನೇನಂತ ಹೇಳ್ಲಿ?" ಎಂದು ನಕ್ಕ. ಅವನು ಕೆಟ್ಟವನೇನಲ್ಲ. ಎಲ್ಲರಿಗೂ ಟೀ ತರಿಸಿದ.

ಅದೇ ತಿಂಗಳು ಮೋರಿಯ ಆಚೆ ಸರ್ಕಾರದ ದುಡ್ಡಿನಲ್ಲಿ ವಾಕಿಂಗ್ ದಾರಿ ಮುಗಿಯಿತು. ಅಪಾರ್ಟ್‌ಮೆಂಟಿನ ಪಕ್ಕದ ಸಣ್ಣ ಕೆರೆಯ ಸುತ್ತ ಬಣ್ಣದ ಕಲ್ಲು, ಕೂರಲು ಬೆಂಚು, ಸಾಲಾಗಿ ದೀಪ. ಕತ್ತಲಾದರೆ ಆ ದೀಪದ ಬೆಳಕು ಮೋರಿಯವರೆಗೆ ಬರುತ್ತಿತ್ತು. ಈಚೆ ದಾಟುತ್ತಿರಲಿಲ್ಲ.

"ಇಬ್ಬರದೂ ವೋಟು ಇಲ್ಲಿಗಿ ತರೂಣು ಮಲಕಿ," ಎಂದ ಸೋಮಪ್ಪ. "ನಾವು ತಂದ್ರ ಉಳದವ್ರು ತರ್ತಾರ."

"ವೋಟು ಇಲ್ಲಿಗಿ ತಂದ್ರ ಊರಿಗಿ ಹ್ಯಾಂಗ ಹೋಗೂದು? ನಮ್ಮವ್ವನ ಮಾರಿ ಎಂದ ನೋಡೂದು?"

ಅವಳ ಮಾತಿಗೂ ಅರ್ಥ ಇತ್ತು. ಆ ಸಾಲಿನವರೆಲ್ಲ ಸುರಪುರದ ಆಚೆಯ ಹಳ್ಳಿಯವರು. ಸುಮ್ಮನೆ ಊರಿಗೆ ಹೋಗಲು ರಜೆ ಸಿಗುವುದಿಲ್ಲ, ಸಿಕ್ಕರೆ ಬಸ್ಸಿಗೆ ದುಡ್ಡಿರುವುದಿಲ್ಲ. ಚುನಾವಣೆ ಬಂದರೆ ಮಾತ್ರ ಊರ ಕಡೆಯ ಪಾರ್ಟಿಯವರು ಬಸ್ಸು ಕಳಿಸುತ್ತಾರೆ. ಹೋಗುತ್ತ ಊಟ, ಬರುತ್ತ ಊಟ. ಅವ್ವನ ತೊಡೆಯ ಮೇಲೆ ತಲೆಯಿಟ್ಟು ಒಂದು ರಾತ್ರಿ ಮಲಗುವುದು, ಹೊಲದ ಬದುವಿನ ಮೇಲೆ ಒಂದು ಸುತ್ತು. ವೋಟು ಹಾಕುವುದು ಅದರ ನಡುವೆ ಮುಗಿಸುವ ಒಂದು ಕೆಲಸ. ಯಾರಿಗೆ ಹಾಕಿದೆವು ಎನ್ನುವುದು ಮರೆತು ಹೋಗುತ್ತಿತ್ತು, ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಮರೆಯುತ್ತಿರಲಿಲ್ಲ.

"ಅಂದ್ರ ನೀ ವೋಟು ಹಾಕೂದು ನಿಮ್ಮವ್ವಗ," ಎಂದು ಸೋಮಪ್ಪ ನಕ್ಕ. ಕೈ ತೊಳೆದ. "ಆಕೀ ನಿಂತ್ರ ನಾನೂ ಆಕೀಗೇ ಹಾಕ್ತೀನಿ ಬಿಡು."

ಡಬ್ಬಿ ಹಿಡಿದು ಹೊರಟ. ಹಲಗೆ ದಾಟಿ ತಿರುಗಿ ನೋಡಲಿಲ್ಲ. ಯಾವತ್ತೂ ನೋಡುತ್ತಿರಲಿಲ್ಲ.

ಅವಳು ಕೆಲಸಕ್ಕೆ ಹೋದಾಗ ಸೀತಾಲಕ್ಷ್ಮಮ್ಮನವರ ಯಜಮಾನರು ಸುಬ್ರಹ್ಮಣ್ಯ ಪೇಪರು ಹಿಡಿದು ಕೂತಿದ್ದರು. ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರಾದವರು. ಮಾತಿಗೆ ಯಾರೂ ಸಿಗದಿದ್ದರೆ ಪೇಪರಿನ ಜೊತೆಗೇ ಮಾತಾಡುತ್ತಿದ್ದರು.

"ನೋಡು ಸೀತಾ, ಮತ್ತೆ ಫ್ರೀ ಕೊಡ್ತಾರಂತೆ. ತೆರಿಗೆ ಕಟ್ಟೋರು ನಾವು, ಕೊಡೋದು ವೋಟ್ ಇರೋರಿಗೆ. ಕಟ್ಟೋನಿಗೂ ಒಂದು ವೋಟು, ಕಟ್ಟದೇ ಇರೋನಿಗೂ ಒಂದು ವೋಟು. ಇದೆಲ್ಲಿ ನ್ಯಾಯ?"

"ರೀ, ಮೆಲ್ಲಗೆ. ಮಲಕವ್ವ ಇದಾಳೆ."

"ಅವಳಿಗಲ್ಲಮ್ಮ ನಾನು ಹೇಳಿದ್ದು." ಪೇಪರಿನ ಮೇಲಿಂದ ನೋಡಿದರು. "ಬೇಜಾರು ಮಾಡ್ಕೋಬೇಡಮ್ಮ."

ಮಲಕವ್ವ ಬೇಜಾರು ಮಾಡಿಕೊಳ್ಳಲಿಲ್ಲ. ಅವಳ ತಲೆಯಲ್ಲಿ ಆಗ ಸಾರಿಗೆ ಬೇಳೆ ಇದೆಯೋ ಇಲ್ಲವೋ ಎನ್ನುವುದಿತ್ತು. ಆ ದಿನ ಅಂಥ ದಿನ. ಯಾವ ಮಾತಿಗೂ ಭಾರ ಇರಲಿಲ್ಲ.

ಸಂಜೆ ಸೋಮಪ್ಪ ಬಂದ. ಹೊಸ್ತಿಲ ಮೇಲೆ ಕೂತು ಟೀ ಕುಡಿದ. ಅರ್ಧ ಲೋಟ ಕೆಳಗಿಟ್ಟ.

"ಎದಿ ಹಿಡದಂಗ ಆಗ್ಯದ."

"ವಾಯು ಇರಬೇಕು. ಅಜವಾನ ಕೊಡ್ಲೇನು?"

ಅವನು ಗೋಡೆಗೆ ಒರಗಿದ. ಮುಖದ ತುಂಬ ಬೆವರು. ಚನ್ನಕ್ಕ ಓಡಿ ಬಂದಳು, ಅವಳ ಮಗ ಆಂಬುಲೆನ್ಸಿಗೆ ಫೋನು ಮಾಡಿದ. ಆಂಬುಲೆನ್ಸು ತಡ ಮಾಡಲಿಲ್ಲ, ಸುಳ್ಳು ಹೇಳಬಾರದು. ಬೇಗನೇ ಬಂತು. ಬಂದು ಮೋರಿಯ ಆಚೆ ನಿಂತಿತು. ಅದರ ಕೆಂಪು ದೀಪ ತಿರುಗುತ್ತ ಇತ್ತು, ಸಾಲಿನ ಮನೆಗಳ ಮೇಲೆ ಬಿದ್ದು ಹೋಗುತ್ತ ಇತ್ತು.

ಚಕ್ರದ ಮಂಚ ಹಲಗೆಯ ಮೇಲೆ ಬರುವಂತಿರಲಿಲ್ಲ. ಒಬ್ಬರು ನಡೆಯುವಷ್ಟೇ ಅಗಲ ಅದು. ಅವರ ಊರಿನವನೇ ಆದ ಮೇಸ್ತ್ರಿ ಈಶಪ್ಪ ಸೋಮಪ್ಪನ ತೋಳು ಹಿಡಿದ, ಇನ್ನೊಬ್ಬ ಕಾಲು ಹಿಡಿದ. ನಡುವಿಗೆ ಬಂದಾಗ ಹಲಗೆ ಬಾಗಿತು. ಮೂರು ಜನರ ಭಾರ ಅದು ಕಂಡಿರಲಿಲ್ಲ. ಹಿಂದೆ ಬಂದರು. ಅವನನ್ನು ನೆಲದ ಮೇಲೆ ಮಲಗಿಸಿದರು. ಈಶಪ್ಪ ಒಬ್ಬನೇ ಬೆನ್ನ ಮೇಲೆ ಹೊರುತ್ತೇನೆ ಎಂದ. ಸೀರೆಯಿಂದ ಅವನನ್ನು ಈಶಪ್ಪನ ಬೆನ್ನಿಗೆ ಬಿಗಿದರು, ಕೂಸನ್ನು ಕಟ್ಟಿದ ಹಾಗೆ. ಅದು ಮಲಕವ್ವನ ಉಟ್ಟು ತೊಳೆದಿಟ್ಟ ಸೀರೆ. ಗಂಟು ಹಾಕಿದವಳು ಅವಳೇ. ಗಂಟು ಒಮ್ಮೆ ಬಿಚ್ಚಿತು, ಮತ್ತೆ ಹಾಕಿದಳು.

ಹಲಗೆ ಮುರಿಯಲಿಲ್ಲ. ಅವನು ಮಾಡಿದ ಹಲಗೆ.

ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಸ್ವಲ್ಪ ಮುಂಚೆ ತಂದಿದ್ದರೆ ಎಂದು ಡಾಕ್ಟರು ಅಂದರೋ ಇಲ್ಲವೋ ಅವಳಿಗೆ ನೆನಪಿಲ್ಲ. ಅಂದರು ಎಂದು ಚನ್ನಕ್ಕ ಹೇಳುತ್ತಾಳೆ.

ಮಣ್ಣು ಊರಲ್ಲಿ ಆಯಿತು. ಬಳೆ ತೆಗೆದರು. ಮೈದುನಂದಿರು ಇಲ್ಲೇ ಇರು ಅಂದರು, ಆದರೆ ಎಲ್ಲಿ ಇರು ಎಂದು ಯಾರೂ ಹೇಳಲಿಲ್ಲ. ಕರ್ಮ ಮುಗಿದ ಮೇಲೆ ಅವಳು ಬೆಂಗಳೂರಿನ ಬಸ್ಸು ಹತ್ತಿದಳು.

ಬಂದು ನೋಡಿದರೆ ಹಲಗೆ ಚನ್ನಕ್ಕನ ಗೋಡೆಗೆ ಒರಗಿ ನಿಂತಿತ್ತು. ಹಾಕುವವರಿಲ್ಲ. ಗಂಡಸರು ಮೋರಿ ಹಾರುತ್ತಿದ್ದರು, ಹೆಂಗಸರು ಕೆಳಗಿಳಿದು, ಕಲ್ಲಿನ ಮೇಲೆ ಕಾಲಿಟ್ಟು, ಸೀರೆ ಎತ್ತಿ ದಾಟುತ್ತಿದ್ದರು. ಮರುದಿನ ಬೆಳಿಗ್ಗೆ ಮಲಕವ್ವ ಹಲಗೆ ಹೊತ್ತು ತಂದು ಹಾಕಿದಳು. ಹಾಕಿ ಪಕ್ಕಕ್ಕೆ ನಿಂತಳು. ಮೊದಲ ಶಿಫ್ಟಿಗೆ ಹೊರಟವರು ಅವಳ ಬರಿ ಹಣೆ ನೋಡಿ ತಲೆ ತಗ್ಗಿಸಿದರು. ಒಬ್ಬ ಒಳಗೆ ಹೋಗಿ ನೀರು ಕುಡಿದು ಮತ್ತೆ ಹೊರಟ.

ಸಂಜೆ ಈಶಪ್ಪ ಬಂದು ನೆಲ ನೋಡುತ್ತ ನಿಂತ.

"ವೈನಿ, ಒಂದು ಮಾತು. ಮುಂಜಾನಿ ಹೊತ್ತು ನೀವು ಅಲ್ಲಿ ನಿಲ್ಲೂದು... ಮಂದಿ ಕೆಲಸಕ್ಕ ಹೋಗೋರು. ತಪ್ಪು ತಿಳ್ಕೋಬ್ಯಾಡ್ರಿ."

"ತಿಳ್ಕೊಳ್ಳಂಗಿಲ್ಲ. ನಾಳಿಂದ ನೀನೇ ಹಾಕು."

ಈಶಪ್ಪ ಹಾಕಿದ. ಒಂದೆರಡು ದಿನ. ಆಮೇಲೆ ಅವನಿಗೆ ದೂರದ ಸೈಟು ಬಂತು, ಕತ್ತಲಲ್ಲೇ ಹಾರಿಕೊಂಡು ಹೋದ. ಅವತ್ತು ಚನ್ನಕ್ಕ ಕೆಳಗಿಳಿದು ದಾಟುವಾಗ ಜಾರಿ, ಸೊಂಟದವರೆಗೆ ಕೆಸರಾಗಿ ಮೇಲೆ ಬಂದಳು. ಬಂದವಳು ಸಾಲಿನ ನಡುವೆ ನಿಂತು ಬಾಯಿ ಬಿಟ್ಟಳು.

"ಯಾಂವ ಅವ, ಮಲಕವ್ವನ ಮಾರಿ ನೋಡಬಾರ್ದು ಅಂದಾಂವ? ಬಾ ಇಲ್ಲಿ, ನನ್ನ ಮಾರಿ ನೋಡು! ಮೋರಿ ಮಾರಿಗಿಂತ ಆಕೀ ಮಾರಿ ಪಾಡ ಅದನೋ ಇಲ್ಲೋ?"

ಮರುದಿನದಿಂದ ಮತ್ತೆ ಮಲಕವ್ವನೇ ಹಲಗೆ ಹಾಕಿದಳು. ಯಾರೂ ನೀರು ಕುಡಿಯಲು ಒಳಗೆ ಹೋಗಲಿಲ್ಲ.

ಸುಬ್ರಹ್ಮಣ್ಯ ಅವಳನ್ನು ಮಾತಾಡಿಸಲು ಮೋರಿಯವರೆಗೆ ಬಂದರು. ಬಿಳಿ ಪಂಚೆ ಉಟ್ಟಿದ್ದರು. ಹಲಗೆಯ ಮೇಲೆ ಒಂದು ಕಾಲಿಟ್ಟು, ಮತ್ತೆ ತೆಗೆದು, ಆಚೆ ದಡದಲ್ಲೇ ನಿಂತರು.

"ನಂಗೆ ಗೊತ್ತಿರಲಿಲ್ಲಮ್ಮ. ದಿನಾ ನೀನು ಇದರ ಮೇಲೆ ದಾಟಿ ಬರ್ತಿದ್ದೆ ಅಂತ ನಿಜವಾಗ್ಲೂ ಗೊತ್ತಿರಲಿಲ್ಲ."

"ಆಂಬುಲೆನ್ಸ್ ಬಂದಿತ್ರಿ ಸಾಹೇಬ್ರ. ನೀವು ನಿಂತೀರಲ್ಲ, ಅಲ್ಲೇ ನಿಂತಿತ್ತು."

ಅವರು ಕಾಲ ಕೆಳಗೆ ನೋಡಿದರು. "ನಾನು ಅರ್ಜಿ ಕೊಡ್ತೀನಿ. ಆದ್ರೆ ಒಂದು ಮಾತು ಹೇಳ್ತೀನಿ, ನೋವು ಮಾಡೋಕಲ್ಲ. ಆ ವಾಕಿಂಗ್ ದಾರಿ ನಾವು ಕೇಳಿದ್ದಕ್ಕೆ ಬಂತು. ನಾವು ತೆರಿಗೆ ಕಟ್ತೀವಿ ಅಂತ ಬಂತು ಅಂದ್ಕೊಂಡಿದ್ದೆ. ಅದಲ್ಲ. ಅವರು ಮೊದಲು ಕೇಳಿದ್ದು ನಿಮ್ಮ ಬ್ಲಾಕಲ್ಲಿ ಎಷ್ಟು ವೋಟಿದೆ ಅಂತ."

ಸೋಮಪ್ಪ ಇದನ್ನೇ ಹೇಳಿದ್ದ. ರೊಟ್ಟಿ ಮುರಿಯುತ್ತ ಹೇಳಿದ್ದ. ಮಲಕವ್ವ ಆಗ ತನ್ನ ಅವ್ವನ ಮಾತು ಎತ್ತಿದ್ದಳು.

ಅವತ್ತು ಅವಳು ತೀರ್ಮಾನ ಮಾಡಿದಳು. ಮೋರಿಗೆ ಚಪ್ಪಡಿ ಬೀಳಬೇಕು. ಇನ್ನೊಬ್ಬ ಹೆಂಗಸಿನ ಸೀರೆ ಹೀಗೆ ಗಂಟು ಹಾಕಲು ಹೋಗಬಾರದು. ಅದಕ್ಕೆ ವೋಟು ಇಲ್ಲಿಗೆ ಬರಬೇಕು.

ಮಾತು ಕೇಳಿದ ಕೂಡಲೇ ಸಾಲು ಕುದಿಯಿತು. ಅವರ ಊರ ಕಡೆಯವರಲ್ಲಿ ಒಂದು ನಂಬಿಕೆ. ಊರ ವೋಟಿನ ಪಟ್ಟಿಯಿಂದ ಹೆಸರು ತೆಗೆಯುವುದು ಸತ್ತವರದ್ದು ಮಾತ್ರ. ಬದುಕಿದವರು ತಾವಾಗಿ ತೆಗೆಸಿದರೆ ಊರಿನ ಋಣ ಹರಿದ ಹಾಗೆ. ಆಮೇಲೆ ಮನೆಯಲ್ಲಿ ಪಾಲಿಲ್ಲ, ರೇಷನ್ನಿಲ್ಲ, ನಾಳೆ ಸತ್ತರೆ ಮಣ್ಣಿಗೆ ಜಾಗವೂ ಇಲ್ಲ. ಹಾಗೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೆ ಎಲ್ಲರಿಗೂ ಹಾಗೆ ಆದ ಒಬ್ಬರ ಕತೆ ಗೊತ್ತಿತ್ತು.

"ವೈನಿ, ಅಣ್ಣನ ಹೆಸರು ಹ್ಯಾಂಗೂ ತಗೀತಾರ," ಎಂದ ಈಶಪ್ಪ. ಊರಿಗೆ ವೋಟಿನ ಬಸ್ಸು ತುಂಬಿಸುವ ಜವಾಬ್ದಾರಿ ಅವನದೇ. "ನೀವೂ ತಗಸಿದ್ರ ಆ ಊರಾಗ ನಿಮ್ಮ ಮನಿತನದ ಹೆಸರೇ ಇರಂಗಿಲ್ಲ. ವಿಚಾರ ಮಾಡ್ರಿ."

"ಮಾಡೀನಿ."

"ಒಂದು ವೋಟಿಗಿ ಮೋರಿ ಕಟ್ತಾರೇನ್ರಿ?"

"ಇಲ್ಲ. ಸೊನ್ನಿಗೂ ಕಟ್ಟಿಲ್ಲ."

ಅವ್ವನಿಗೆ ಫೋನಿನಲ್ಲಿ ಹೇಳಿದಳು. ಅವ್ವನಿಗೆ ಕಿವಿ ಮಂದ. ಪಕ್ಕದ ಮನೆಯವರು ಜೋರಾಗಿ ಹೇಳಿ ತಿಳಿಸಬೇಕು. ತಿಳಿದ ಮೇಲೆ ಮುದುಕಿ ಕೇಳಿದಳು.

"ಗಂಡನ್ನ ಕಳಕೊಂಡಿ. ಈಗ ಊರೂ ಕಳಕೋತಿ?"

"ಊರು ಎಲ್ಲಿ ಹೋಗ್ತದ ಎವ್ವಾ. ರೊಕ್ಕ ಕೂಡಿಸಿ ಬರ್ತೀನಿ."

"ಅಲ್ಲಿ ನಿನ್ನ ಹೆಸರ ಹಿಡದು ಯಾರು ಕರೀತಾರ?"

ಮಲಕವ್ವ ಫೋನು ಇಟ್ಟಳು.

ಹೆಸರು ಬರೆಸುವ ಕೆಲಸ ಅಂಗನವಾಡಿಯ ಯಮುನಾ ಮೇಡಂ ಅವರದು. ಒಳ್ಳೆಯ ಹೆಣ್ಣುಮಗಳು. ಸಾಲಿಗೆ ಬರುವಾಗ ಮಲಕವ್ವನ ಕೈ ಹಿಡಿದೇ ಹಲಗೆ ದಾಟುತ್ತಿದ್ದಳು. "ವಾಸ ಇಲ್ಲೇ ಅಂತ ತೋರಿಸೋಕೆ ಏನಾದ್ರೂ ಬೇಕಲ್ಲ ಅಕ್ಕ. ಮನೆ ಓನರ್ ಹತ್ರ ಬಾಡಿಗೆ ಪತ್ರ ಇಸ್ಕೊಳ್ಳಿ," ಅಂದಳು.

ಮನೆಗಳ ಮಾಲೀಕ ಸೊಣ್ಣಪ್ಪ. ಹಿಂದೆ ಅಲ್ಲೇ ರಾಗಿ ಬೆಳೆಯುತ್ತಿದ್ದವನು. ಹೊಲ ಹೋಯಿತು, ಶೀಟಿನ ಮನೆ ಬಂತು. ಬಾಡಿಗೆ ವಸೂಲಿಗೆ ಬಂದಾಗ ಕೇಳಿದಳು.

"ಅಯ್ಯೋ ನಿನ್ನ! ಇವತ್ತು ವೋಟ್ ಅಂತೀಯ, ನಾಳೀಕೆ ಮನೆ ನಂದೇ ಅಂದ್ಬುಟ್ರೆ? ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ? ಅದೆಲ್ಲಾ ಬ್ಯಾಡ ಕಣವ್ವ, ಇಂಗೇ ಇರು."

ಮಲಕವ್ವ ವಾದ ಮಾಡಲಿಲ್ಲ. ಸೊಣ್ಣಪ್ಪ ಬಾಡಿಗೆ ಎಣಿಸಿ ಜೇಬಿಗಿಟ್ಟು, ವಾಪಸು ಹೋಗಲು ತಿರುಗಿದಾಗ ಅವಳು ಹಲಗೆ ಎತ್ತಿ ಬಾಗಿಲ ಹಿಂದೆ ನಿಲ್ಲಿಸಿಯಾಗಿತ್ತು.

"ಏ, ಅಲಗೆ ಎಲ್ಲಮ್ಮೀ?"

"ಅದು ನಮ್ಮದ್ರಿ. ಮನಿ ನಿಮ್ಮದು, ಹಲಗಿ ನಮ್ಮದು."

ಸೊಣ್ಣಪ್ಪನಿಗೆ ಮಂಡಿನೋವು. ಅವನು ಮೋರಿ ನೋಡಿದ, ಇಸ್ತ್ರಿ ಪಂಚೆ ನೋಡಿಕೊಂಡ, ಸಾಲಿನ ಬಾಗಿಲುಗಳಲ್ಲಿ ನಿಂತ ಹೆಂಗಸರನ್ನು ನೋಡಿದ. ಯಾರೂ ನಗಲಿಲ್ಲ. ಚನ್ನಕ್ಕ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಸೋಮಪ್ಪ ಒಳ್ಳೇವ್ನು ಕಣಮ್ಮ," ಎಂದ ಕಡೆಗೆ. "ನೀನು ಅವ್ನಂಗಲ್ಲ. ತಗೊಂಬಾ, ಎಲ್ಲಿ ಎಬ್ಬೆಟ್ಟು ಒತ್ತಬೇಕೋ ಒತ್ತೀನಿ."

ವಿಧಾನಸಭೆ ಚುನಾವಣೆ ಬಂತು. ವೋಟಿನ ಹಿಂದಿನ ಸಂಜೆ ಬಸ್ಸು ಮೋರಿಯ ಆಚೆ ಬಂದು ನಿಂತಿತು, ಆಂಬುಲೆನ್ಸು ನಿಂತ ಜಾಗದಲ್ಲೇ. ಸಾಲಿಗೆ ಸಾಲೇ ಚೀಲ, ಗಂಟು, ಕೂಸುಗಳ ಸಮೇತ ಹೊರಟಿತು. ಒಬ್ಬೊಬ್ಬರೇ ಹಲಗೆ ದಾಟಿದರು. ಈ ತುದಿಯಲ್ಲಿ ಮಲಕವ್ವ ಕಾಲಿಟ್ಟು ಒತ್ತಿ ಹಿಡಿದಿದ್ದಳು, ಅಲುಗಬಾರದು ಎಂದು. ಚನ್ನಕ್ಕನ ಕೈಗೆ ಒಂದು ಗಂಟು ಕೊಟ್ಟಳು. ಅದರಲ್ಲಿ ಅವ್ವನಿಗೆ ಒಂದು ಸೀರೆ, ಮಂಡಿಗೆ ಹಚ್ಚುವ ಎಣ್ಣೆ.

"ಇನ್ನಾ ಹೊತ್ತು ಅದ. ಏರು ಬಸ್ಸು," ಎಂದಳು ಚನ್ನಕ್ಕ. ಕಣ್ಣು ತುಂಬಿತ್ತು. "ವೋಟು ಹಾಕಾಕಲ್ಲ, ಅವ್ವನ್ನ ನೋಡಾಕ ಬಾ. ಯಾರು ಕೇಳ್ತಾರ?"

"ನೀ ಹೋಗು. ನಾ ನಾಳಿ ಇಲ್ಲೇ ವೋಟು ಹಾಕಬೇಕು."

ಬಸ್ಸು ಹೋಯಿತು. ಸಾಲಿನಲ್ಲಿ ಒಂದು ದೀಪ ಉಳಿಯಿತು. ಅವಳದು.

ಮರುದಿನ ಅವಳು ತಲೆಸ್ನಾನ ಮಾಡಿ, ಸೋಮಪ್ಪನನ್ನು ಈಶಪ್ಪನ ಬೆನ್ನಿಗೆ ಬಿಗಿದಿದ್ದ ಆ ಸೀರೆ ಉಟ್ಟುಕೊಂಡು ಹೋದಳು. ಅದನ್ನು ಅವಳು ಅಲ್ಲಿಯವರೆಗೆ ಉಟ್ಟಿರಲಿಲ್ಲ. ಸರ್ಕಾರಿ ಶಾಲೆಯಲ್ಲಿ ವೋಟು. ಉದ್ದ ಸರತಿ. ಅವಳ ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಸುಬ್ರಹ್ಮಣ್ಯ, ತಲೆಗೆ ಟೊಪ್ಪಿ, ಕೈಯಲ್ಲಿ ನೀರಿನ ಬಾಟಲು.

"ಊರಿಗೆ ಹೋಗಲಿಲ್ವೇನಮ್ಮ?"

"ಇಲ್ರಿ. ನಂದು ಇಲ್ಲೇ ಬಂತು."

"ಒಳ್ಳೇದು." ಅವರು ಸುತ್ತ ನೋಡಿದರು. "ನಮ್ಮ ಅಪಾರ್ಟ್‌ಮೆಂಟಿನ ಅರ್ಧ ಜನ ಮೈಸೂರು, ಊಟಿ ಅಂತ ಹೋಗಿದಾರೆ. ಮೂರು ದಿನ ರಜಾ ಸಿಕ್ತಲ್ಲ." ಬಿಸಿಲು ಏರುತ್ತಿತ್ತು. ನೀರಿನ ಬಾಟಲನ್ನು ಅವಳ ಕಡೆ ಚಾಚಿದರು. ಅವಳು ಎತ್ತಿ ಕುಡಿದು ವಾಪಸು ಕೊಟ್ಟಳು. ಅವರ ಮನೆಯಲ್ಲಿ ಅವಳಿಗೆ ಬೇರೆ ಲೋಟ ಇತ್ತು. ಸರತಿಯಲ್ಲಿ ಇರಲಿಲ್ಲ.

ಒಳಗೆ ಮೇಜಿನ ಹಿಂದೆ ಕೂತವರು ಅವಳ ಚೀಟಿ ನೋಡಿದರು. ಕೋಣೆಯಲ್ಲಿ ಕೂತ ಪಾರ್ಟಿ ಏಜೆಂಟರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದರು.

"ಮಲಕವ್ವ. ಗಂಡ, ಸೋಮಪ್ಪ."

ಅವಳ ಕಾಲು ನಿಂತಲ್ಲೇ ನಿಂತಿತು. ಈ ಊರಿಗೆ ಬಂದ ಮೇಲೆ ಆ ಎರಡು ಹೆಸರನ್ನು ಒಟ್ಟಿಗೆ ಯಾರೂ ಹೀಗೆ ಗಟ್ಟಿಯಾಗಿ ಕರೆದಿರಲಿಲ್ಲ. ಆಸ್ಪತ್ರೆಯಲ್ಲೂ ಮೆಲ್ಲಗೇ ಕೇಳಿದ್ದರು.

"ಮುಂದೆ ಬಾಮ್ಮ. ನೀನೇ ತಾನೆ?"

"ಹೂಂನ್ರಿ. ನಾನೇ."

ಬೆರಳಿಗೆ ಶಾಯಿ ಹಚ್ಚಿದರು. ತಣ್ಣಗಿತ್ತು. ಮೆಷಿನ್ನು ಕೂಗಿತು. ಹೊರಗೆ ಬಂದು ಶಾಲೆಯ ಕಟ್ಟೆಯ ಮೇಲೆ ಕೂತು ಅವಳು ಅತ್ತಳು. ಸೋಮಪ್ಪ ಹೋದ ಮೇಲೆ ಮೊದಲ ಸಲ ಅತ್ತದ್ದು ಅಲ್ಲಿ. ವೋಟು ಹಾಕಿ ಬಂದವರು ಸುತ್ತ ನಿಂತು ಬೆರಳಿನ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಊರಿಂದ ಬಂದ ಚನ್ನಕ್ಕ ಶೇಂಗಾ ಹೋಳಿಗೆ ತಂದಳು. ಅವ್ವ ಕಳಿಸಿದ್ದು. ಜೊತೆಗೆ ಒಂದು ಮಾತು ಕಳಿಸಿದ್ದಳು: ಅಲ್ಲಿ ಹೆಸರು ಹಿಡಿದು ಕರೆದರೇನು ಕೇಳು. "ಕರದ್ರು ಅಂತ ಹೇಳು," ಎಂದಳು ಮಲಕವ್ವ.

ಅವತ್ತೇ ಬಿಸಿಲು ಇಳಿದ ಮೇಲೆ ಅವಳು ಒಬ್ಬಳೇ ಲೀಡರ್ ಆಫೀಸಿಗೆ ಹೋದಳು. ಅದೇ ಹುಡುಗ ಕೂತಿದ್ದ. ಅವಳು ಮೋರಿಯ ಮಾತು ಎತ್ತುವ ಮೊದಲೇ ಅವನು ಕೇಳಿದ.

"ವೋಟ್ ಎಲ್ಲಕ್ಕ?"

"ಇಲ್ಲೇ."

ಅವನು ಮೊಬೈಲಿನಿಂದ ಕಣ್ಣೆತ್ತಿದ. "ಲೈನಲ್ಲಿ ಎಷ್ಟು?"

"ಒಂದು."

"ಒಂದೇನಾ?"

"ಒಂದು. ಹಾಕಿ ಬಂದೀನಿ."

ಅವನು ನಗಲಿಲ್ಲ. ಕುರ್ಚಿ ತೋರಿಸಿದ. ಅವಳು ಕೂತಳು.

ಒಂದಿನ ಒಬ್ಬ ಬಂದು ಟೇಪು ಹಿಡಿದು ಮೋರಿ ಅಳೆದ. ಎರಡೂ ದಡಕ್ಕೆ ಕೆಂಪು ಬಣ್ಣದ ಗೆರೆ ಹಾಕಿ ಹೋದ. ಆಮೇಲೆ ಮಳೆಗಾಲ ಬಂತು, ಗೆರೆ ಮಸುಕಾಯಿತು. ದುಡ್ಡು ಮಂಜೂರಾಗಬೇಕು ಎನ್ನುತ್ತಾರೆ. ವಾರ್ಡಿಗೆ ಮೆಂಬರೇ ಇಲ್ಲ, ಚುನಾವಣೆ ಆಗಲಿ ಎನ್ನುತ್ತಾರೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ಸುಬ್ರಹ್ಮಣ್ಯ ಇನ್ನೂ ಅರ್ಜಿ ಹಾಕುತ್ತಲೇ ಇದ್ದಾರೆ. ಪೇಪರಿನ ಜೊತೆ ಈಗಲೂ ಜಗಳ ಇದೆ, ತೆರಿಗೆಯ ಮಾತು ಬಂದರೆ ಮಾತ್ರ ಅಡುಗೆಮನೆಯ ಕಡೆ ಒಮ್ಮೆ ನೋಡುತ್ತಾರೆ.

ಮೊನ್ನೆ ಚನ್ನಕ್ಕ ಹೋಳಿಗೆಯ ಡಬ್ಬಿ ವಾಪಸು ಕೇಳುವ ನೆಪದಲ್ಲಿ ಬಂದು, ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಳು: "ಆ ಯಮುನಾ ಮೇಡಂ ಮತ್ತ ಎಂದ ಬರ್ತಾಳ?"

"ಯಾಕ?"

"ಸುಮ್ಮ ಕೇಳ್ದೆ. ನನ್ನ ಮಗನೂ ಕೇಳ್ಲಾಕತ್ತಿದ್ದ."

ದಿನಾ ಬೆಳಿಗ್ಗೆ ಮಲಕವ್ವ ಎದ್ದವಳೇ ಮುಖ ತೊಳೆಯುವ ಮೊದಲು ಬಾಗಿಲ ಹಿಂದಿನ ಹಲಗೆ ಎತ್ತುತ್ತಾಳೆ. ಕೊಡೆಯ ಚಿತ್ರ ಅಳಿಸಿಹೋಗಿದೆ. ಲೋಟದ ಚಿತ್ರ ಅರ್ಧ ಉಳಿದಿದೆ. ಹೆಗಲ ಮೇಲೆ ಹೊತ್ತು, ಕೆಂಪು ಗೆರೆ ಇದ್ದ ಜಾಗ ನೋಡಿ, ಈ ದಡದಿಂದ ಆ ದಡಕ್ಕೆ ಹಾಕುತ್ತಾಳೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲಗೆಯ ನಡುವೆ ಹೋಗಿ ನಿಂತು, ಎರಡು ಸಲ ಕುಪ್ಪಳಿಸುತ್ತಾಳೆ. ಆಮೇಲೆ ಪಕ್ಕಕ್ಕೆ ಸರಿದು ನಿಂತು, ದಾಟಿರಿ ಎನ್ನುತ್ತಾಳೆ.